ಅಜ್ಜನ ಮದುವೆ ತಪ್ಪಿಸಲು ಹಿಂದಕ್ಕೆ ಹೋಗಬಹುದೇ?

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿ. ಐನ್‌ಸ್ಟೈನ್ ಪ್ರಕಾರ ಕಾಲದಲ್ಲಿ ಮುಂದಕ್ಕೆ ಹೋಗಬಹುದು ಎಂದು ನಮ್ಮ ಮೇಷ್ಟ್ರು ಹೇಳಿದರು. ಹಾಗಾದರೆ ಹಿಂದಕ್ಕೆ ಯಾಕೆ ಆಗುವುದಿಲ್ಲ? ನಾನು ಹಿಂದಕ್ಕೆ ಹೋಗಿ ಅಜ್ಜನ ಮದುವೆಯನ್ನೇ ತಪ್ಪಿಸಿದರೆ ನಾನು ಹುಟ್ಟುವುದಿಲ್ಲ. ಹುಟ್ಟದಿದ್ದರೆ ತಪ್ಪಿಸಿದವರು ಯಾರು? ಈ ಒಂದು ಕಾರಣಕ್ಕೇ ಅದು ಅಸಾಧ್ಯ ಎಂದು ಹೇಳಿಬಿಡಬಹುದಲ್ಲ? ಭವಿಷ್ಯದಿಂದ ಇದುವರೆಗೆ ಯಾರೂ ಬಂದಿಲ್ಲ ಎನ್ನುವುದೂ ಒಂದು ಸಾಕ್ಷಿ ಅಲ್ವಾ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಮುಂದಕ್ಕೆ ಹೋಗುವುದು ಸಾಧ್ಯ. ಅದು ದಿನಾ ನಡೆಯುತ್ತಲೇ ಇದೆ. ಹಿಂದಕ್ಕೆ ಹೋಗುವುದನ್ನು ಐನ್‌ಸ್ಟೈನರ ಸಮೀಕರಣಗಳು ಬೇಡ ಅನ್ನುವುದಿಲ್ಲ. ಆದರೆ ಹೋಗುವ ದಾರಿ ಯಾರಿಗೂ ಸಿಕ್ಕಿಲ್ಲ, ಸಿಗುವುದೂ ನನಗೆ ಅನುಮಾನ. ಈ ಅನುಮಾನಕ್ಕೂ ನಿಮ್ಮ ಅಜ್ಜನ ಮದುವೆಗೂ ಸಂಬಂಧ ಇಲ್ಲ. ಅಜ್ಜನ ಪ್ಯಾರಡಾಕ್ಸ್ ಕೇಳುವಾಗ ತುಂಬ ಗಟ್ಟಿ. ಕಾಗದ ಪೆನ್ನು ಹಿಡಿದು ಲೆಕ್ಕಕ್ಕೆ ಕೂತಾಗ ಮೆತ್ತಗಾಗಿಬಿಡುತ್ತದೆ. ನಿಜವಾದ ಅಡ್ಡಿ ಬೇರೆ ಕಡೆ ಇದೆ, ಅದನ್ನು ತೋರಿಸಲು ಸ್ವಲ್ಪ ಸುತ್ತಬೇಕಾಗುತ್ತದೆ.

ಮುಂದಕ್ಕೆ ಹೋಗುವ ವಿಷಯ ಬೇಗ ಮುಗಿಸೋಣ. 1971ರ ಅಕ್ಟೋಬರ್‌ನಲ್ಲಿ ಜೋಸೆಫ್ ಹಾಫೆಲೆ ಮತ್ತು ರಿಚರ್ಡ್ ಕೀಟಿಂಗ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ನಾಲ್ಕು ಸೀಸಿಯಂ ಪರಮಾಣು ಗಡಿಯಾರಗಳನ್ನು ಮಾಮೂಲಿ ಪ್ರಯಾಣಿಕರ ವಿಮಾನಗಳಲ್ಲಿ ಕೂರಿಸಿ ಭೂಮಿ ಸುತ್ತಿಸಿದರು. ಗಡಿಯಾರಕ್ಕೂ ಸೀಟು ಬೇಕಲ್ಲ, ‘ಮಿಸ್ಟರ್ ಕ್ಲಾಕ್’ ಹೆಸರಿನಲ್ಲಿ ಟಿಕೆಟ್ ತೆಗೆದಿದ್ದರು. ಪೂರ್ವಕ್ಕೆ ಸುತ್ತಿ ಬಂದ ಗಡಿಯಾರಗಳು ನೆಲದ ಮೇಲಿದ್ದವಕ್ಕಿಂತ ಸುಮಾರು 59 ನ್ಯಾನೋಸೆಕೆಂಡ್ ಹಿಂದೆ ಬಿದ್ದಿದ್ದವು. ಪಶ್ಚಿಮಕ್ಕೆ ಸುತ್ತಿದಾಗ 273 ನ್ಯಾನೋಸೆಕೆಂಡ್ ಮುಂದೆ ಹೋಗಿದ್ದವು. ವೇಗ ಜಾಸ್ತಿಯಾದರೆ ಗಡಿಯಾರ ನಿಧಾನವಾಗುತ್ತದೆ, ಗುರುತ್ವ ಕಡಿಮೆಯಾದರೆ ಚುರುಕಾಗುತ್ತದೆ. ಈ ಎರಡನ್ನೂ ಕೂಡಿ ಕಳೆದರೆ ಬರುವ ಉತ್ತರವೇ ಅವರ ಗಡಿಯಾರಗಳಲ್ಲೂ ಬಂತು.

ನಿಮ್ಮ ಫೋನಿನ ಜಿಪಿಎಸ್‌ನಲ್ಲೂ ಇದೇ ಲೆಕ್ಕ. ಉಪಗ್ರಹದ ಗಡಿಯಾರ ವೇಗದಿಂದಾಗಿ ದಿನಕ್ಕೆ 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ, ಎತ್ತರದಿಂದಾಗಿ 45 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ. ಒಟ್ಟು 38 ಮೈಕ್ರೋಸೆಕೆಂಡ್ ಮುಂದೆ. ಅಷ್ಟರಲ್ಲಿ ಬೆಳಕು 11 ಕಿಲೋಮೀಟರ್ ಓಡಿರುತ್ತದೆ. ಈ ತಿದ್ದುಪಡಿ ಮಾಡದಿದ್ದರೆ ಮ್ಯಾಪ್ ನೋಡಿಕೊಂಡು ಹೊರಟವರು ಯಾವ ಊರು ಸೇರುತ್ತಿದ್ದರೋ! ಜಿಪಿಎಸ್‌ನಂತೆಯೇ ದಾರಿ ತೋರಿಸುವ ನಮ್ಮ ನಾವಿಕ್ ಉಪಗ್ರಹಗಳು ಇನ್ನೂ ಎತ್ತರದಲ್ಲಿವೆ, ಸುಮಾರು 36,000 ಕಿಲೋಮೀಟರ್. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋ ಕೇಂದ್ರ ಅವುಗಳ ಕಾಲವನ್ನು ನೋಡಿಕೊಳ್ಳುತ್ತದೆ. ಅಲ್ಲಿ ಐನ್‌ಸ್ಟೈನರ ಸಾಪೇಕ್ಷತೆ ಎಂದರೆ ತತ್ವಜ್ಞಾನ ಅಲ್ಲ, ದಿನದ ಕೆಲಸ. ಇನ್ನು ಮನುಷ್ಯರ ವಿಷಯಕ್ಕೆ ಬಂದರೆ, ರಷ್ಯಾದ ಸೆರ್ಗೇ ಕ್ರಿಕಲ್ಯೋವ್ ಒಟ್ಟು 803 ದಿನ ಬಾಹ್ಯಾಕಾಶದಲ್ಲಿ ಇದ್ದವರು. ಲೆಕ್ಕ ಹಾಕಿದರೆ ಅವರು ನಮಗಿಂತ ಸುಮಾರು 0.02 ಸೆಕೆಂಡ್ ಭವಿಷ್ಯಕ್ಕೆ ಜಿಗಿದಿದ್ದಾರೆ.

ಇಂಥ ವಿಷಯ ಎತ್ತಿದಾಗಲೆಲ್ಲ ಯಾರಾದರೂ ರೇವತಿಯ ಕತೆ ನೆನಪಿಸುತ್ತಾರೆ. ಅವಳ ಅಪ್ಪ ಕಕುದ್ಮಿ ಮಗಳಿಗೆ ಗಂಡು ಯಾರು ಎಂದು ಕೇಳಲು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಹಾಡು ಮುಗಿಯುವ ತನಕ ಕಾದ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತು. ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಗಂಡುಗಳ ಮೊಮ್ಮಕ್ಕಳ ಹೆಸರೂ ಉಳಿದಿರಲಿಲ್ಲ. ಕೊನೆಗೆ ರೇವತಿ ಬಲರಾಮನನ್ನು ಮದುವೆಯಾದಳು. ಕತೆ ಸೊಗಸಾಗಿದೆ, ಇದರಲ್ಲಿ ವಿಜ್ಞಾನ ಹುಡುಕುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಒಂದು ಗಮನಿಸಿ: ಕಕುದ್ಮಿ ಹೋದದ್ದು ಮುಂದಕ್ಕೆ. ತನ್ನ ಹಳೇ ಕಾಲಕ್ಕೆ ವಾಪಸ್ ಹೋಗಲು ಅವನಿಗೂ ದಾರಿ ಇರಲಿಲ್ಲ, ಬ್ರಹ್ಮನೂ ತೋರಿಸಲಿಲ್ಲ.

ಯಾಕೆ ಹಾಗೆ? ಮುಂದಕ್ಕೆ ಹೋಗುವುದೆಂದರೆ ನಿಮ್ಮ ಗಡಿಯಾರ ಬೇರೆಯವರ ಗಡಿಯಾರಕ್ಕಿಂತ ನಿಧಾನವಾಗುವುದು, ಅಷ್ಟೇ. ಎಷ್ಟೇ ನಿಧಾನವಾದರೂ ಅದು ತಿರುಗಿ ಹಿಂದಕ್ಕೆ ಓಡುವುದಿಲ್ಲ. ಹಾಗಾಗಿ ವೇಗ ಹೆಚ್ಚಿಸಿ ಹೆಚ್ಚಿಸಿ ಕೊನೆಗೆ ಭೂತಕಾಲ ಸೇರಿಬಿಡಬಹುದು ಎಂಬ ಲೆಕ್ಕ ತಪ್ಪು. ಹಿಂದಕ್ಕೆ ಹೋಗಬೇಕಾದರೆ ದೇಶಕಾಲವೇ (ಜಾಗ ಮತ್ತು ಕಾಲ ಎರಡೂ ಸೇರಿದ ಒಂದೇ ಹಂದರ) ಬಾಗಿ, ಒಂದು ದಾರಿ ಸುತ್ತು ಹಾಕಿ ತನ್ನನ್ನೇ ಬಂದು ಸೇರಬೇಕು. ಆ ದಾರಿಯಲ್ಲಿ ನಡೆಯುವವರ ಕೈಗಡಿಯಾರ ಪ್ರತಿ ಕ್ಷಣವೂ ಮುಂದಕ್ಕೇ ಓಡುತ್ತಿರುತ್ತದೆ. ಯಾರೂ ಬೆಳಕಿಗಿಂತ ಬೇಗ ಹೋಗುವುದಿಲ್ಲ. ಆದರೂ ದಾರಿ ಮುಗಿದಾಗ ನೋಡಿದರೆ ಹೊರಟ ಜಾಗ, ಹೊರಟ ಹೊತ್ತು.

ಇಂಥ ದಾರಿಯನ್ನು ಒಳಗೆ ಅಡಗಿಸಿಕೊಂಡ ಲೆಕ್ಕ 1937ರಲ್ಲೇ ಬಂದಿತ್ತು. ಮಾಡಿದವರು ವಿಲೆಮ್ ಯಾಕೋಬ್ ವಾನ್ ಸ್ಟಾಕುಂ ಎಂಬ ಡಚ್ ಗಣಿತಜ್ಞ. ಕೊನೆಯಿಲ್ಲದಷ್ಟು ಉದ್ದದ ಒಂದು ಕಂಬ, ಅದು ಗಿರ್ರನೆ ಸುತ್ತುತ್ತಿದೆ, ಅದರ ಸುತ್ತ ದೇಶಕಾಲ ಹೇಗಿರುತ್ತದೆ ಎಂದು ಅವರು ಬಿಡಿಸಿದರು. ಅದರಲ್ಲಿ ಭೂತಕಾಲದ ದಾರಿ ಇದೆ ಎಂದು ಬೇರೆಯವರು ಗಮನಿಸಿದ್ದು ಎಷ್ಟೋ ವರ್ಷದ ಮೇಲೆ. ಅಷ್ಟು ಹೊತ್ತಿಗೆ ವಾನ್ ಸ್ಟಾಕುಂ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಪೈಲಟ್ ಆಗಿ ಸೇರಿ 1944ರ ಜೂನ್‌ನಲ್ಲಿ ಫ್ರಾನ್ಸ್‌ನ ಮೇಲೆ ಹಾರುವಾಗ ತೀರಿಕೊಂಡಿದ್ದರು.

ಮುಂದಿನ ಹೆಸರು ದೊಡ್ಡದು, ತರ್ಕಶಾಸ್ತ್ರಜ್ಞ ಕರ್ಟ್ ಗೋಡೆಲ್. ಪ್ರಿನ್ಸ್‌ಟನ್‌ನಲ್ಲಿ ಐನ್‌ಸ್ಟೈನರ ಜೊತೆ ದಿನಾ ನಡೆದುಕೊಂಡು ಮನೆಗೆ ಹೋಗುತ್ತಿದ್ದ ಗೆಳೆಯ. 1949ರಲ್ಲಿ ಐನ್‌ಸ್ಟೈನರಿಗೆ 70 ತುಂಬಿದಾಗ ಗೋಡೆಲ್ ಕೊಟ್ಟ ಉಡುಗೊರೆ ಅವರದೇ ಸಮೀಕರಣಗಳ ಒಂದು ಹೊಸ ಉತ್ತರ. ಅದರಲ್ಲಿ ಇಡೀ ವಿಶ್ವವೇ ಸುತ್ತುತ್ತಿರುತ್ತದೆ. ಅಂಥ ವಿಶ್ವದಲ್ಲಿ ಬೆಳಕಿನ ವೇಗದ ಸುಮಾರು ಶೇ. 71ಕ್ಕಿಂತ ಬೇಗ ಹೋಗುವ ರಾಕೆಟ್ ಇದ್ದರೆ ಸಾಕು, ದೊಡ್ಡದೊಂದು ಸುತ್ತು ಹಾಕಿ ನಿಮ್ಮ ನಿನ್ನೆಗೆ ಬಂದು ಇಳಿಯಬಹುದು. ಐನ್‌ಸ್ಟೈನ್ ಇದನ್ನು ತಳ್ಳಿಹಾಕಲಿಲ್ಲ. ಸಿದ್ಧಾಂತ ಕಟ್ಟುವ ಕಾಲದಲ್ಲೇ ಈ ಯೋಚನೆ ತನ್ನನ್ನು ಕಾಡಿತ್ತು, ಭೌತಿಕ ಕಾರಣಗಳಿಂದ ಇಂಥ ಉತ್ತರಗಳನ್ನು ಕೈಬಿಡಬೇಕೋ ಏನೋ ನೋಡಬೇಕು ಎಂಬರ್ಥದಲ್ಲಿ ಬರೆದರು. ನಮ್ಮ ವಿಶ್ವವಂತೂ ಗೋಡೆಲ್ ಹೇಳಿದ ಹಾಗೆ ಇಲ್ಲ. ಅವರ ವಿಶ್ವ ಹಿಗ್ಗುವುದಿಲ್ಲ, ನಮ್ಮದು ಹಿಗ್ಗುತ್ತಿದೆ. ಒಟ್ಟಾರೆ ಸುತ್ತುತ್ತಿರುವ ಕುರುಹೂ ಎಲ್ಲೂ ಕಂಡಿಲ್ಲ.

1974ರಲ್ಲಿ ಭೌತಶಾಸ್ತ್ರಜ್ಞ ಫ್ರಾಂಕ್ ಟಿಪ್ಲರ್ ಸುತ್ತುವ ಕಂಬಕ್ಕೆ ಮತ್ತೆ ಬಂದರು. ಅಲ್ಲೂ ಕಂಬಕ್ಕೆ ಕೊನೆ ಇರಬಾರದು. ಸುತ್ತುವ ಕಪ್ಪುರಂಧ್ರದ (ಬೆಳಕೂ ಹೊರಬರಲಾಗದಷ್ಟು ಗುರುತ್ವ ಇರುವ ಬ್ಲ್ಯಾಕ್ ಹೋಲ್) ಒಳಹೊಟ್ಟೆಯಲ್ಲೂ ಇಂಥ ದಾರಿ ಇದೆ ಎಂದು 1963ರಲ್ಲಿ ಗಣಿತಜ್ಞ ರಾಯ್ ಕೆರ್ ಮಾಡಿದ ಲೆಕ್ಕ ಹೇಳುತ್ತದೆ, ಆದರೆ ಆ ಒಳಭಾಗ ಸಣ್ಣ ಅಲುಗಾಟಕ್ಕೂ ನಿಲ್ಲದಷ್ಟು ಅಸ್ಥಿರ. ಒಟ್ಟಿನಲ್ಲಿ ಕಾಗದದ ಮೇಲೆ ದಾರಿ ಇದೆ, ಕಟ್ಟಲು ಸಾಮಾನು ಇಲ್ಲ.

ಕಟ್ಟುವ ಮಾತು ಗಂಭೀರವಾಗಿ ಶುರುವಾದದ್ದು ಒಂದು ಫೋನ್ ಕರೆಯಿಂದ. 1985ರಲ್ಲಿ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಒಂದು ಕಾದಂಬರಿ ಬರೆಯುತ್ತಿದ್ದರು. ನಾಯಕಿಯನ್ನು ದೂರದ ನಕ್ಷತ್ರಕ್ಕೆ ಬೇಗ ಮುಟ್ಟಿಸಬೇಕಿತ್ತು, ಕಪ್ಪುರಂಧ್ರದ ಮೂಲಕ ಕಳಿಸಿದ್ದರು. ಸರಿಯಿದೆಯಾ ಎಂದು ಅಮೆರಿಕದ ಕ್ಯಾಲ್‌ಟೆಕ್ ವಿದ್ಯಾಸಂಸ್ಥೆಯ ಭೌತಶಾಸ್ತ್ರಜ್ಞ ಕಿಪ್ ಥಾರ್ನ್ ಅವರನ್ನು ಕೇಳಿದರು. ಥಾರ್ನ್ ಅಂದರೆ ಮುಂದೆ ಗುರುತ್ವದ ಅಲೆಗಳಿಗಾಗಿ 2017ರಲ್ಲಿ ನೊಬೆಲ್ ಪಡೆದವರು. ಕಪ್ಪುರಂಧ್ರದಲ್ಲಿ ನಾಯಕಿ ಸಾಯುತ್ತಾಳೆ, ವರ್ಮ್‌ಹೋಲ್ ಹಾಕಿ ಎಂದರು ಅವರು. ವರ್ಮ್‌ಹೋಲ್ ಎಂದರೆ ಎರಡು ಬಾಯಿಗಳಿರುವ ಒಳದಾರಿ. ಹೊರಗಿನಿಂದ ಅಳೆದರೆ ಬಾಯಿಗಳ ನಡುವೆ ಜ್ಯೋತಿರ್ವರ್ಷಗಳ ದೂರ, ಒಳಗಿನಿಂದ ಹೋದರೆ ಕೆಲವೇ ಮೀಟರ್. ಕಾದಂಬರಿಗೆಂದು ಶುರುವಾದ ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. 1988ರಲ್ಲಿ ಥಾರ್ನ್, ಮೈಕೆಲ್ ಮಾರಿಸ್, ಉಲ್ವಿ ಯುರ್ಟ್‌ಸೆವರ್ ಮೂವರೂ ಸೇರಿ ವರ್ಮ್‌ಹೋಲ್ ಇದ್ದರೆ ಅದನ್ನು ಕಾಲಯಂತ್ರ ಮಾಡುವುದು ಹೇಗೆ ಎಂದು ಬರೆದರು.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ಅಂಕಿ ಇಟ್ಟುಕೊಂಡು ನೋಡೋಣ. 2030ರ ಜನವರಿ 1. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ವರ್ಮ್‌ಹೋಲ್, ಎರಡು ಬಾಯಿಗಳೂ ಪಕ್ಕಪಕ್ಕದಲ್ಲಿ. ಒಂದು ಬಾಯಿಯನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ಹಡಗಿಗೆ ಕಟ್ಟಿ ಬೆಳಕಿನ ವೇಗದ ಶೇ. 99.5ರಲ್ಲಿ ಕಳಿಸುತ್ತೀರಿ. ಐದು ವರ್ಷ ಹೋಗಿ ಥಟ್ಟನೆ ತಿರುಗಿ ಐದು ವರ್ಷ ವಾಪಸ್ ಬರುತ್ತದೆ. ಈ ವೇಗಕ್ಕೆ ಹಡಗಿನ ಗಡಿಯಾರ ಹತ್ತು ಪಟ್ಟು ನಿಧಾನ. ಹಡಗು 2040ರ ಜನವರಿಗೆ ಲ್ಯಾಬಿಗೆ ಬಂದಾಗ ಅದರ ಗಡಿಯಾರದಲ್ಲಿ 2031ರ ಜನವರಿ. ಇಲ್ಲಿಯತನಕ ಹಾಫೆಲೆ ಮತ್ತು ಕೀಟಿಂಗ್ ಮಾಡಿದ್ದೇ. ಮಜಾ ಇರುವುದು ಮುಂದೆ. ಒಳದಾರಿ ಚಿಕ್ಕದು, ಅದರ ಎರಡು ತುದಿಗಳು ಒಂದಕ್ಕೊಂದು ಅಲುಗಾಡಿಲ್ಲ. ಆದ್ದರಿಂದ ಒಳಗಿನಿಂದ ನೋಡಿದರೆ ಎರಡು ಬಾಯಿಗಳ ಗಡಿಯಾರಗಳೂ ಯಾವಾಗಲೂ ಒಂದೇ ಹೊತ್ತು ತೋರಿಸುತ್ತವೆ. 2031 ಎಂದು ತೋರಿಸುವ ಹಡಗಿನ ಬಾಯಿಗೆ 2040ರಲ್ಲಿ ನುಗ್ಗಿದರೆ, ಲ್ಯಾಬಿನ ಬಾಯಿಯ ಗಡಿಯಾರ 2031 ತೋರಿಸುವಾಗ ಹೊರಗೆ ಬರುತ್ತೀರಿ. ಅಂದರೆ 2031ಕ್ಕೆ. ಒಂಬತ್ತು ವರ್ಷ ಹಿಂದೆ. 2041ರಲ್ಲಿ ನುಗ್ಗಿದರೆ 2032. ಮಧ್ಯದಲ್ಲಿ ಭೂಮಿ ಸೂರ್ಯನ ಸುತ್ತ ದಿನಕ್ಕೆ 26 ಲಕ್ಷ ಕಿಲೋಮೀಟರ್ ಓಡುತ್ತದಲ್ಲ, ಆಕಾಶದಲ್ಲಿ ಬೀಳುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಬೀಳುವುದಿಲ್ಲ. ಲ್ಯಾಬಿನ ಬಾಯಿ ಭೂಮಿಯ ಜೊತೆಯೇ ಓಡುತ್ತಿರುತ್ತದೆ, ನೀವು ಹೊರಬರುವುದು ಆ ಬಾಯಿಯಿಂದ.

ಈ ಉದಾಹರಣೆಯಲ್ಲಿ ಒಂದು ಮುಖ್ಯ ಸಂಗತಿ ಇದೆ. 2030ಕ್ಕಿಂತ ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ವರ್ಮ್‌ಹೋಲನ್ನು ಎಷ್ಟು ಸಲ ಸುತ್ತಿದರೂ ಯಂತ್ರ ಹುಟ್ಟುವ ಮುಂಚಿನ ಕಾಲಕ್ಕೆ ಅದು ತೆರೆದುಕೊಳ್ಳುವುದಿಲ್ಲ. ಹಾಗಾಗಿ ನಿಮ್ಮ ಅಜ್ಜನ ಮದುವೆ ಆಗಲೇ ಸುರಕ್ಷಿತ! ಚಿಂತೆ ಏನಿದ್ದರೂ ನಿಮ್ಮ ಮೊಮ್ಮಕ್ಕಳದ್ದು.

ಸರಿ, ಮೊಮ್ಮಗನೇ ಬಂದ ಎಂದುಕೊಳ್ಳಿ. ಆಗ ಪ್ಯಾರಡಾಕ್ಸ್ ಗತಿ ಏನು? ಮನುಷ್ಯರನ್ನು ತಂದರೆ ಇಚ್ಛಾಶಕ್ತಿ, ಪಾಪ, ಪುಣ್ಯ ಎಲ್ಲ ಸೇರಿಕೊಂಡು ಲೆಕ್ಕ ಕೆಡುತ್ತದೆ. ಟೆಕ್ಸಾಸ್‌ನಲ್ಲಿದ್ದ ಭೌತಶಾಸ್ತ್ರಜ್ಞ ಜೋಸೆಫ್ ಪೋಲ್ಚಿನ್ಸ್ಕಿ ಇದನ್ನು ಬಿಲಿಯರ್ಡ್ಸ್ ಚೆಂಡಿಗೆ ಇಳಿಸಿ ಥಾರ್ನ್‌ಗೆ ಒಂದು ಪತ್ರ ಬರೆದರು. ಒಂದು ಚೆಂಡು ಕಾಲಯಂತ್ರದ ಬಾಯಿಯ ಕಡೆಗೆ ಉರುಳುತ್ತಿದೆ. ಒಳಗೆ ಹೋಗಿ ಸ್ವಲ್ಪ ಹೊತ್ತು ಮುಂಚೆ ಇನ್ನೊಂದು ಬಾಯಿಯಿಂದ ಹೊರಬರುತ್ತದೆ. ಬಂದು ನೇರ ಹೋಗಿ ಉರುಳುತ್ತಿರುವ ತನ್ನನ್ನೇ ಗುದ್ದಿ ದಾರಿ ತಪ್ಪಿಸುತ್ತದೆ. ದಾರಿ ತಪ್ಪಿದರೆ ಅದು ಬಾಯಿಗೆ ಹೋಗುವುದಿಲ್ಲ, ಹೋಗದಿದ್ದರೆ ಗುದ್ದುವುದು ಯಾವುದು? ನಿಮ್ಮ ಅಜ್ಜನ ಪ್ರಶ್ನೆಯೇ, ಮನಸ್ಸಿಲ್ಲದ ಚೆಂಡಿನ ರೂಪದಲ್ಲಿ.

ಥಾರ್ನ್ ತಮ್ಮ ವಿದ್ಯಾರ್ಥಿಗಳಾದ ಫರ್ನಾಂಡೊ ಎಚೆವೆರಿಯಾ ಮತ್ತು ಗುನ್ನಾರ್ ಕ್ಲಿಂಕ್‌ಹ್ಯಾಮರ್ ಜೊತೆ ಕೂತು ಇದನ್ನು ಬಿಡಿಸಿದರು. ಅವರು ಕಂಡುಕೊಂಡದ್ದು ಚೆನ್ನಾಗಿದೆ. ಪೋಲ್ಚಿನ್ಸ್ಕಿ ಕತೆಯಲ್ಲಿ ಚೆಂಡು ಮೊದಲು ನೇರವಾಗಿ ಹೋಯಿತು, ಆಮೇಲೆ ಗುದ್ದಿತು ಎಂದಿದೆ. ಆದರೆ ‘ಮೊದಲು ಗುದ್ದಿಲ್ಲದ ಒಂದು ಸಲ, ಆಮೇಲೆ ಗುದ್ದಿದ ಇನ್ನೊಂದು ಸಲ’ ಎಂದು ಎರಡು ಸಲ ಇಲ್ಲ. ಇರುವುದು ಒಂದೇ ಸಲ. ಆ ಒಂದೇ ಸಲದಲ್ಲಿ ಎಲ್ಲವೂ ಹೊಂದಬೇಕು. ಹೊಂದುವ ಕತೆ ಹೀಗಿದೆ: ಚೆಂಡು ಉರುಳುತ್ತಿದೆ. ಹೊರಬಂದ ಹಳೇ ಚೆಂಡು ಅದನ್ನು ಸುಮ್ನೆ ಓರೆಯಾಗಿ ಸವರುತ್ತದೆ. ಚೆಂಡಿನ ದಾರಿ ಚೂರು ವಾಲುತ್ತದೆ, ಆದರೂ ಬಾಯಿಗೆ ಬೀಳುತ್ತದೆ. ವಾಲಿ ಹೋದದ್ದರಿಂದ ವಾಲಿಯೇ ಹೊರಬರುತ್ತದೆ. ವಾಲಿ ಬಂದದ್ದರಿಂದಲೇ ನೇರವಾಗಿ ಗುದ್ದದೆ ಓರೆಯಾಗಿ ಸವರುತ್ತದೆ. ಎಲ್ಲೂ ವಿರೋಧ ಇಲ್ಲ! ನ್ಯೂಟನ್‌ನ ನಿಯಮ ಒಂದೂ ಮುರಿದಿಲ್ಲ. 1991ರಲ್ಲಿ ಇದು ಪ್ರಕಟವಾಯಿತು. ಅವರು ಪರೀಕ್ಷಿಸಿದ ಚೆಂಡಿನ ಆಟಗಳಲ್ಲಿ ಹೊಂದುವ ಉತ್ತರವೇ ಇಲ್ಲ ಎನ್ನುವ ಪರಿಸ್ಥಿತಿ ಒಂದೂ ಸಿಗಲಿಲ್ಲ.

ಸಿಕ್ಕಿದ್ದು ಅದರ ಉಲ್ಟಾ ತೊಂದರೆ. ಉತ್ತರಗಳು ಜಾಸ್ತಿಯಾದವು. ಚೆಂಡು ಒಂದು ಸಲ ಸುತ್ತಿ ಹೊಂದುವ ಕತೆ, ಎರಡು ಸಲ ಸುತ್ತಿ ಹೊಂದುವ ಕತೆ, ಹೀಗೆ ಲೆಕ್ಕವಿಲ್ಲದಷ್ಟು. ಒಂದೇ ಆರಂಭ, ಅನಂತ ಅಂತ್ಯ. ಯಾವುದು ನಡೆಯುತ್ತದೆ ಎಂದು ಹಳೇ ಭೌತಶಾಸ್ತ್ರ ಹೇಳಲಾರದು. ನನ್ನ ಕೇಳಿದರೆ ಅಜ್ಜನ ಪ್ಯಾರಡಾಕ್ಸ್‌ಗಿಂತ ಇದು ಗಂಭೀರ. ವಿಜ್ಞಾನ ನಿಂತಿರುವುದೇ ಆರಂಭ ಗೊತ್ತಿದ್ದರೆ ಮುಂದಿನದು ಹೇಳಬಹುದು ಎಂಬ ನಂಬಿಕೆಯ ಮೇಲೆ. ಜನಪ್ರಿಯ ಲೇಖನಗಳಲ್ಲಿ ಈ ವಿಷಯ ಬರುವುದೇ ಕಡಿಮೆ, ಎಲ್ಲರಿಗೂ ಅಜ್ಜನೇ ಬೇಕು.

ನಡೆಯುವುದೆಲ್ಲ ತನಗೆ ತಾನೇ ಹೊಂದಿಕೊಂಡೇ ನಡೆಯುತ್ತದೆ ಎಂಬ ಈ ನಿಲುವಿಗೆ ರಷ್ಯಾದ ಭೌತಶಾಸ್ತ್ರಜ್ಞ ಇಗೋರ್ ನೋವಿಕೋವ್ ಹೆಸರು ಅಂಟಿಕೊಂಡಿದೆ. ಇದರ ಪ್ರಕಾರ ಮೊಮ್ಮಗ ಬರಬಹುದು, ಛತ್ರದ ಬಾಗಿಲಿಗೂ ಬರಬಹುದು, ಮದುವೆ ನಿಲ್ಲಿಸಲು ಆಗುವುದಿಲ್ಲ. ಯಾಕೆಂದರೆ ಆ ಮದುವೆ ಆಗಿಹೋಗಿದೆ, ಆಗುವಾಗ ಅವನೂ ಅಲ್ಲಿದ್ದ. ಯಾರೋ ಅಪರಿಚಿತ ಹುಡುಗ ಬಂದು ಗಲಾಟೆ ಮಾಡಿದ್ದ ಎಂದು ಅಜ್ಜಿ ಹೇಳುತ್ತಿದ್ದಳಲ್ಲ, ಅವನೇ ಇವನು. ಹಾಗಾದರೆ ಎಲ್ಲ ಹಣೆಬರಹವೇ, ನನ್ನ ಇಚ್ಛೆಗೆ ಬೆಲೆಯೇ ಇಲ್ಲವೇ ಎಂದು ನೀವು ಕೇಳಬಹುದು. ನೋವಿಕೋವ್ ಕಡೆಯವರ ಉತ್ತರ ಇಷ್ಟು: ಯಂತ್ರವಿಲ್ಲದೆ ಗಾಳಿಯಲ್ಲಿ ನಡೆಯಬೇಕು ಎಂದು ನೀವು ಇಚ್ಛೆಪಟ್ಟರೂ ಗುರುತ್ವ ಬಿಡುವುದಿಲ್ಲ. ಇಚ್ಛೆಗೆ ಭೌತಶಾಸ್ತ್ರ ಅಡ್ಡ ಬರುವುದು ಹೊಸದೇನಲ್ಲ. ನನಗೆ ಈ ಉತ್ತರ ಪೂರ್ತಿ ಒಪ್ಪಿಗೆಯಿಲ್ಲ. ಗುರುತ್ವ ಎಲ್ಲ ಸಲವೂ ಒಂದೇ ರೀತಿ ತಡೆಯುತ್ತದೆ. ಇಲ್ಲಿ ಒಮ್ಮೆ ಬಸ್ ಕೆಡಬೇಕು, ಒಮ್ಮೆ ಕಾಲು ಜಾರಬೇಕು, ಒಮ್ಮೆ ಹೆಸರು ತಪ್ಪಿ ಪಕ್ಕದ ಛತ್ರಕ್ಕೆ ಹೋಗಬೇಕು. ಕಾಕತಾಳೀಯ ಒಂದಾದ ಮೇಲೊಂದು. ಆದರೆ ಅಸಂಭವ ಬೇರೆ, ಅಸಾಧ್ಯ ಬೇರೆ.

ಇನ್ನೊಂದು ಜಾತಿಯ ಪ್ಯಾರಡಾಕ್ಸ್ ಇದೆ, ನನಗೆ ಇದೇ ಹೆಚ್ಚು ಇಷ್ಟ. ಇದರಲ್ಲಿ ವಿರೋಧವೇ ಇಲ್ಲ, ಅದೇ ಇದರ ಕಾಟ. ರಾಮಾನುಜನ್ ಅವರ ಒಂದು ಸೂತ್ರವನ್ನು ಇವತ್ತಿನ ಪಠ್ಯಪುಸ್ತಕದಿಂದ ಬರೆದುಕೊಂಡು 1912ರ ಮದ್ರಾಸಿಗೆ ಹೋಗುತ್ತೀರಿ. ಅವರು ಆಗ ಪೋರ್ಟ್ ಟ್ರಸ್ಟ್‌ನಲ್ಲಿ ಗುಮಾಸ್ತರು. ಚೀಟಿ ಕೊಡುತ್ತೀರಿ. ಅವರು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ, ಅದು ಅಚ್ಚಾಗುತ್ತದೆ, ನಿಮ್ಮ ಪಠ್ಯಪುಸ್ತಕಕ್ಕೆ ಬರುತ್ತದೆ. ಎಲ್ಲ ಹೊಂದುತ್ತದೆ. ಆದರೆ ಆ ಸೂತ್ರವನ್ನು ಯೋಚಿಸಿದ್ದು ಯಾರು? ಯಾರೂ ಇಲ್ಲ! ಸಮೀಕರಣಗಳು ಇದಕ್ಕೆ ತಕರಾರು ಮಾಡುವುದಿಲ್ಲ. ಚೀಟಿಯ ಬದಲು ಒಂದು ಕೈಗಡಿಯಾರ ಕೊಟ್ಟು, ಅದೇ ಗಡಿಯಾರ ನಿಮಗೆ ಪಿತ್ರಾರ್ಜಿತವಾಗಿ ಬಂದರೆ ಮಾತ್ರ ತಕರಾರು ಇದೆ. ನೂರು ವರ್ಷದಲ್ಲಿ ಸವೆದ ಗಡಿಯಾರ ಮತ್ತೆ ಹೊಸದಾಗದೆ ಸುತ್ತು ಕೂಡುವುದಿಲ್ಲ.

ಸಮಾಂತರ ವಿಶ್ವ ಎಂದು ಕೆಲವರು ಹೇಳುವುದರ ಮೂಲ ಆಕ್ಸ್‌ಫರ್ಡ್‌ನ ಡೇವಿಡ್ ಡಾಯ್ಚ್ 1991ರಲ್ಲಿ ಬರೆದದ್ದು. ಕ್ವಾಂಟಂ ಲೆಕ್ಕ (ಪರಮಾಣು ಮಟ್ಟದ ಭೌತಶಾಸ್ತ್ರದ ಲೆಕ್ಕ) ಹಾಕಿದರೆ ಇಂಥ ಸುತ್ತುದಾರಿಗೆ ಹೊಂದುವ ಒಂದು ಸ್ಥಿತಿ ಯಾವಾಗಲೂ ಸಿಗುತ್ತದೆ ಎಂದು ಅವರು ತೋರಿಸಿದರು. ಅನೇಕ ವಿಶ್ವಗಳನ್ನು ಒಪ್ಪುವವರ ಭಾಷೆಯಲ್ಲಿ ಇದರ ಅರ್ಥ, ನೀವು ಇಳಿಯುವುದು ಇನ್ನೊಂದು ವಿಶ್ವದ ಭೂತಕಾಲಕ್ಕೆ. ಅಲ್ಲಿ ಮದುವೆ ನಿಲ್ಲಿಸಿದರೆ ಅಲ್ಲಿ ನೀವು ಹುಟ್ಟುವುದಿಲ್ಲ, ನೀವು ಹುಟ್ಟಿದ್ದು ಬೇರೆ ಕಡೆ. ಜಾಣ ಉತ್ತರ. ಆದರೆ ಹಾಗೆ ಸಿಕ್ಕಿದ ಅಜ್ಜ ನಿಮ್ಮ ಅಜ್ಜನೇ ಅಲ್ಲ. ಅದು ಹಿಂದಕ್ಕೆ ಹೋದದ್ದು ಹೇಗಾಯಿತು, ವಲಸೆ ಹೋದಂತಾಯಿತು.

ಪ್ಯಾರಡಾಕ್ಸ್‌ಗಳ ಕತೆ ಇಷ್ಟು. ಒಂದೂ ದಾರಿಯನ್ನು ಪೂರ್ತಿ ಮುಚ್ಚಲಿಲ್ಲ. ಈಗ ನಿಜವಾದ ಅಡ್ಡಿಗೆ ಬರೋಣ.

ವರ್ಮ್‌ಹೋಲ್ ತೆರೆದೇ ಇರುವುದಿಲ್ಲ. ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ 1935ರಲ್ಲಿ ಕೊಟ್ಟ ಸೇತುವೆ ರೂಪದ ವರ್ಮ್‌ಹೋಲ್, ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಮುಂಚೆಯೇ ಮುಚ್ಚಿಕೊಂಡುಬಿಡುತ್ತದೆ ಎಂದು 1962ರಲ್ಲಿ ರಾಬರ್ಟ್ ಫುಲ್ಲರ್ ಮತ್ತು ಜಾನ್ ವೀಲರ್ ತೋರಿಸಿದರು. ಯಾಕೆ ಮುಚ್ಚಿಕೊಳ್ಳುತ್ತದೆ ಎಂಬುದರ ಬೇರು ಕೋಲ್ಕತ್ತದಲ್ಲಿದೆ. 1955ರಲ್ಲಿ ಅಮಲ್ ಕುಮಾರ್ ರಾಯ್‌ಚೌಧುರಿ ಒಂದು ಸಮೀಕರಣ ಪ್ರಕಟಿಸಿದರು. ಮಾಮೂಲಿ ದ್ರವ್ಯ ಇರುವ ಕಡೆ ಗುರುತ್ವ ಪಕ್ಕಪಕ್ಕದ ದಾರಿಗಳನ್ನು ಒಂದಕ್ಕೊಂದು ಹತ್ತಿರ ಎಳೆಯುತ್ತದೆ, ದೂರ ತಳ್ಳುವುದಿಲ್ಲ ಎನ್ನುವುದು ಅದರ ಸಾರ. ಪೆನ್ರೋಸ್ ಮತ್ತು ಹಾಕಿಂಗ್ ಅವರ ದೊಡ್ಡ ಪ್ರಮೇಯಗಳು ನಿಂತಿರುವುದು ಇದರ ಮೇಲೆ. ವರ್ಮ್‌ಹೋಲಿಗೆ ಇದು ಕಂಟಕ. ಒಂದು ಬಾಯಿಯಲ್ಲಿ ಒಟ್ಟಾಗಿ ಒಳಗೆ ಹೋದ ಕಿರಣಗಳು ಇನ್ನೊಂದು ಬಾಯಿಯಲ್ಲಿ ಅಗಲವಾಗಿ ಹರಡಿ ಹೊರಬರಬೇಕಲ್ಲ? ಹರಡಬೇಕಾದರೆ ಗುರುತ್ವ ತಳ್ಳಬೇಕು. ಅದಕ್ಕೆ ಶೂನ್ಯಕ್ಕಿಂತ ಕಡಿಮೆ ಶಕ್ತಿ ಬೇಕು, ಅಂದರೆ ಋಣಶಕ್ತಿ.

ಋಣಶಕ್ತಿ ಪೂರ್ತಿ ಕಟ್ಟುಕತೆ ಅಲ್ಲ. 1948ರಲ್ಲಿ ಹೆಂಡ್ರಿಕ್ ಕ್ಯಾಸಿಮಿರ್ ಎರಡು ಲೋಹದ ಫಲಕಗಳನ್ನು ತೀರಾ ಹತ್ತಿರ ಇಟ್ಟರೆ ನಡುವಿನ ನಿರ್ವಾತದ ಶಕ್ತಿ ಹೊರಗಿನದಕ್ಕಿಂತ ಕಡಿಮೆಯಾಗಿ ಫಲಕಗಳು ಒಂದನ್ನೊಂದು ಎಳೆಯುತ್ತವೆ ಎಂದು ಹೇಳಿದ್ದರು. 1997ರಲ್ಲಿ ಸ್ಟೀವ್ ಲಾಮೊರೊ ಅದನ್ನು ಚೆನ್ನಾಗಿ ಅಳೆದರು. ಆದರೆ ಆ ಎಳೆತ ಗೊತ್ತಾಗುವುದು ಮೈಕ್ರಾನ್ ಲೆಕ್ಕದ ಸಂದಿಯಲ್ಲಿ. ಒಂದು ಮೀಟರ್ ಅಗಲದ ವರ್ಮ್‌ಹೋಲಿಗೆ ಬೇಕಾದ್ದು ಗುರುಗ್ರಹದ ದ್ರವ್ಯರಾಶಿಯ ಮಟ್ಟದ ಋಣಶಕ್ತಿ. ಇಷ್ಟರ ಮೇಲೆ, ಋಣಶಕ್ತಿ ಎಷ್ಟು ಜಾಸ್ತಿ ಇರುತ್ತದೋ ಅಷ್ಟೇ ಕಡಿಮೆ ಹೊತ್ತು ನಿಲ್ಲುತ್ತದೆ ಎಂದು ಲಾರೆನ್ಸ್ ಫೋರ್ಡ್ ಮತ್ತು ಥಾಮಸ್ ರೋಮನ್ 1990ರ ದಶಕದಲ್ಲಿ ಲೆಕ್ಕ ಹಾಕಿದರು. ಪ್ರಕೃತಿ ಇದನ್ನು ಚಿಟಿಕೆಯಲ್ಲಿ ಕೊಡುತ್ತದೆ, ಚೀಲದಲ್ಲಿ ಕೊಡುವುದಿಲ್ಲ.

ಇದನ್ನೂ ಹೇಗೋ ಹೊಂದಿಸಿದಿರಿ ಎಂದುಕೊಳ್ಳೋಣ. ನಿಮ್ಮ ಲ್ಯಾಬಿಗೇ ವಾಪಸ್ ಬನ್ನಿ. ಹಡಗು 2035ರ ಜನವರಿಯಲ್ಲಿ ತಿರುಗಿತು. 2030ರ ಜುಲೈನಲ್ಲಿ ಲ್ಯಾಬಿನಿಂದ ಹೊರಟ ಒಂದು ಬೆಳಕಿನ ಕಿರಣ ಅದರ ಹಿಂದೆ ಓಡುತ್ತಿದೆ. ತಿರುಗಿ ಬರುತ್ತಿರುವ ಹಡಗು ಅದಕ್ಕೆ ಎದುರಾಗುವುದು 2035ರ ಏಪ್ರಿಲ್ ಹೊತ್ತಿಗೆ. ಆಗ ಹಡಗಿನ ಗಡಿಯಾರದಲ್ಲಿ ಇನ್ನೂ 2030ರ ಜುಲೈ. ಕಿರಣ ಬಾಯಿಗೆ ನುಗ್ಗುತ್ತದೆ, ಲ್ಯಾಬಿನಲ್ಲಿ ಹೊರಬರುತ್ತದೆ. ಯಾವಾಗ? 2030ರ ಜುಲೈನಲ್ಲಿ, ಹೊರಟ ಅದೇ ಕ್ಷಣಕ್ಕೆ. ಬೇಕಾದರೆ ಲೆಕ್ಕ ಹಾಕಿ ನೋಡಿ, ಪಿಯುಸಿ ಬೀಜಗಣಿತ ಸಾಕು. ಈಗ ಆ ಕಿರಣ ಒಂದಲ್ಲ, ಎರಡು. ಎರಡೂ ಮತ್ತೆ ಹೊರಡುತ್ತವೆ. ಕಾರ್ಯಕ್ರಮದಲ್ಲಿ ಮೈಕನ್ನು ಸ್ಪೀಕರ್ ಎದುರಿಗೆ ಹಿಡಿದಾಗ ಕುಂಯ್ ಎಂದು ಕಿವಿ ಹರಿಯುವ ಹಾಗೆ ಕೂಗುತ್ತದಲ್ಲ, ಅದೇ ಕತೆ. ಮಾಮೂಲಿ ಬೆಳಕಾದರೆ ಪ್ರತಿ ಸುತ್ತಿಗೂ ವರ್ಮ್‌ಹೋಲ್ ಅದನ್ನು ಹರಡಿ ತೆಳ್ಳಗೆ ಮಾಡುವುದರಿಂದ ಬಚಾವ್. ಆದರೆ ನಿರ್ವಾತದಲ್ಲೂ ಕ್ವಾಂಟಂ ಅಲುಗಾಟ ಇದ್ದೇ ಇರುತ್ತದೆ. ಅದು ಸುತ್ತಿ ಸುತ್ತಿ ಪೇರಿಸಿಕೊಳ್ಳುತ್ತದೆ ಎಂದು ಥಾರ್ನ್ ಮತ್ತು ಕೊರಿಯಾದ ಸಂಗ್-ವೊನ್ ಕಿಮ್ 1991ರಲ್ಲಿ ಕಂಡರು. ಪೇರಿಕೆ ಕ್ಷಣಿಕ, ಯಂತ್ರ ಉಳಿಯಬಹುದು ಎಂದು ಅವರ ವಾದ. ಉಳಿಯುವುದಿಲ್ಲ, ಯಂತ್ರ ತಯಾರಾಗುವ ಕ್ಷಣದಲ್ಲೇ ಪ್ರಕೃತಿ ಅದನ್ನು ಒಡೆಯುತ್ತದೆ ಎಂದು ಸ್ಟೀಫನ್ ಹಾಕಿಂಗ್ 1992ರಲ್ಲಿ ಬರೆದರು. ಇತಿಹಾಸಕಾರರ ಕೆಲಸಕ್ಕೆ ಧಕ್ಕೆ ಬಾರದಂತೆ ಕಾಲವನ್ನು ಕಾಯುವ ಒಂದು ಏಜೆನ್ಸಿ ಇದ್ದಂತಿದೆ ಎಂದು ತಮಾಷೆ ಮಾಡಿದರು.

ಯಾರು ಸರಿ? 1997ರಲ್ಲಿ ಬರ್ನಾರ್ಡ್ ಕೇ, ಮಾರೆಕ್ ರಾಡ್ಜಿಕೋವ್‌ಸ್ಕಿ, ರಾಬರ್ಟ್ ವಾಲ್ಡ್ ಒಂದು ಪ್ರಮೇಯ ಸಾಧಿಸಿದರು. ಅದು ಯಾರ ಪರವಾಗಿಯೂ ತೀರ್ಪು ಕೊಡಲಿಲ್ಲ. ಭೂತಕಾಲದ ದಾರಿ ತೆರೆದುಕೊಳ್ಳುವ ಗಡಿಯ ಹತ್ತಿರ ಈಗಿನ ಲೆಕ್ಕದ ವಿಧಾನಕ್ಕೇ ಅರ್ಥ ಉಳಿಯುವುದಿಲ್ಲ ಎಂದಿತು. ಅಲ್ಲಿಂದಾಚೆ ಹೇಳಬೇಕಾದರೆ ಗುರುತ್ವ ಮತ್ತು ಕ್ವಾಂಟಂ ಎರಡನ್ನೂ ಕೂಡಿಸಿದ ಸಿದ್ಧಾಂತ ಬೇಕು. ಅದು ನಮ್ಮ ಹತ್ತಿರ ಇಲ್ಲ. ನಾನು ಬಾಜಿ ಕಟ್ಟುವುದಾದರೆ ಹಾಕಿಂಗ್ ಕಡೆಗೆ ಕಟ್ಟುತ್ತೇನೆ, ಆದರೆ ಜಾಸ್ತಿ ದುಡ್ಡು ಇಡುವುದಿಲ್ಲ.

ಸುದ್ದಿಗಳ ಬಗ್ಗೆ ಒಂದು ಮಾತು. 2022ರಲ್ಲಿ ಕ್ವಾಂಟಂ ಕಂಪ್ಯೂಟರಿನಲ್ಲಿ ವರ್ಮ್‌ಹೋಲ್ ಮಾಡಿದರು ಎಂದು ಎಲ್ಲ ಕಡೆ ಬಂತು. ಅದು ಒಂಬತ್ತು ಕ್ಯೂಬಿಟ್‌ಗಳ (ಕ್ವಾಂಟಂ ಕಂಪ್ಯೂಟರಿನ ಬಿಟ್‌ಗಳು) ಮೇಲೆ ನಡೆಸಿದ ಒಂದು ಲೆಕ್ಕ, ಲ್ಯಾಬಿನಲ್ಲಿ ಯಾವ ತೂತೂ ಆಗಲಿಲ್ಲ. 2011ರಲ್ಲಿ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಬೇಗ ಇಟಲಿ ತಲುಪಿದವು ಎಂಬ ಸುದ್ದಿ ಬಂದಾಗಲೂ ಭೂತಕಾಲಕ್ಕೆ ಸಂದೇಶ ಕಳಿಸಬಹುದು ಎಂಬ ಚರ್ಚೆ ಜೋರಾಗಿ ನಡೆದಿತ್ತು. ಬೆಳಕಿಗಿಂತ ಬೇಗ ಹೋಗುವುದು ನಿಜವಾದರೆ ಆ ಚರ್ಚೆ ಸರಿಯೇ. ಕೊನೆಗೆ ನೋಡಿದರೆ ಒಂದು ಕೇಬಲ್ ಸರಿಯಾಗಿ ಬಿಗಿದಿರಲಿಲ್ಲ.

ಇನ್ನು ಭವಿಷ್ಯದಿಂದ ಯಾರೂ ಬಂದಿಲ್ಲ ಎಂಬ ನಿಮ್ಮ ಸಾಕ್ಷಿ. ಹಾಕಿಂಗ್ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. 2009ರ ಜೂನ್ 28ರಂದು ಕೇಂಬ್ರಿಜ್‌ನ ತಮ್ಮ ಕಾಲೇಜಿನಲ್ಲಿ ಕಾಲಯಾತ್ರಿಗಳಿಗೆ ಪಾರ್ಟಿ ಇಟ್ಟರು. ಬಲೂನು, ಷಾಂಪೇನ್ ಎಲ್ಲ ಇತ್ತು. ಆಮಂತ್ರಣ ಕಳಿಸಿದ್ದು ಪಾರ್ಟಿ ಮುಗಿದ ಮೇಲೆ, ಭವಿಷ್ಯದಿಂದ ಬರುವವರಿಗೆ ಮಾತ್ರ ತಿಳಿಯಲಿ ಎಂದು. ಯಾರೂ ಬರಲಿಲ್ಲ. ಆದರೆ ನಿಮ್ಮ ಲ್ಯಾಬಿನ ಉದಾಹರಣೆ ನೆನಪಿಸಿಕೊಳ್ಳಿ. ವರ್ಮ್‌ಹೋಲಿನ ಯಂತ್ರ ತಾನು ಹುಟ್ಟುವುದಕ್ಕೆ ಮುಂಚಿನ ಕಾಲಕ್ಕೆ ಬಾಗಿಲು ತೆಗೆಯುವುದಿಲ್ಲ. 2009ರಲ್ಲಿ ಯಾರ ಹತ್ತಿರವೂ ಅಂಥ ಯಂತ್ರ ಇರಲಿಲ್ಲ. ಹಾಗಾಗಿ 3000ನೇ ಇಸವಿಯವರು ಎಷ್ಟೇ ಜಾಣರಾದರೂ ಆ ಪಾರ್ಟಿಗೆ ಬರುವಂತಿರಲಿಲ್ಲ. ಯಾರೂ ಬಾರದಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಒಂದು ಅಪವಾದ ಇದೆ. ವಿಶ್ವ ಹುಟ್ಟಿದ ಹೊಸತರಲ್ಲೇ ತಾನಾಗಿ ಆದ ವರ್ಮ್‌ಹೋಲ್ ಎಲ್ಲಾದರೂ ಉಳಿದಿದ್ದು, ಅದರ ಬಾಯಿಗಳ ನಡುವೆ ಆಗಲೇ ಕಾಲದ ವ್ಯತ್ಯಾಸ ಬಿದ್ದಿದ್ದು, ಒಂದು ಬಾಯಿ ಕೇಂಬ್ರಿಜ್‌ಗೆ ಬಂದು ಸೇರುವಷ್ಟು ಹತ್ತಿರ ಇದ್ದಿದ್ದರೆ ಮಾತ್ರ ಹಾಕಿಂಗ್ ಅವರ ಷಾಂಪೇನ್‌ಗೆ ಗಿರಾಕಿ ಸಿಗುತ್ತಿದ್ದರು.